ಆಪ್ತವಾಕ್ಯ ಯಾವುದು?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಇಗತ್‌ಪುರಿಯನ್ನು ದಾಟಿ ನಾಶಿಕದ ಕಡೆಗೆ ಹೊರಟ ಗಾಡಿಗೆ ಮೊದಲು ಸಿಗುವ ನಿಲ್ದಾಣ ಘೋಟಿ. ಸಹ್ಯಾದ್ರಿಯ ಮಳೆ, ಭತ್ತದ ಗದ್ದೆಗಳು, ಅಕ್ಕಿಯ ಗಿರಣಿಗಳು, ದೂರದಲ್ಲಿ ಕಳಸೂಬಾಯಿ ಶಿಖರ, ಇವು ಆ ಊರಿನ ಗುರುತುಗಳು. ಅಲ್ಲಿಯೂ ಸಮೀಪದ ಗೋಂದೆಯ ಕಾರ್ಖಾನೆಗಳಲ್ಲಿಯೂ ದುಡಿಯುವ, ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದು ನೆಲೆಸಿದ ನಮ್ಮವರ ಕೆಲವು ಮನೆಗಳಿವೆ. ಕಳೆದ ತಿಂಗಳು ಅವರಲ್ಲೊಬ್ಬರ ಮನೆಯಲ್ಲಿ ಪ್ರಮಾಣಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡುವ ಅವಕಾಶ ನಮಗೆ ಒದಗಿತ್ತು.

ತೀರ್ಥಪ್ರಸಾದವಾದ ಮೇಲೆ ಎಲ್ಲೆಡೆಯೂ ನಡೆಯುವಂತೆ ಅಲ್ಲಿಯೂ ಲೋಕವಾರ್ತೆ ಆರಂಭವಾಯಿತು. ಒಬ್ಬರು ಲಸಿಕೆಯಿಂದ ಹೃದಯಕ್ಕೆ ಕೇಡೆಂದರು. ಮತ್ತೊಬ್ಬರು ಯಾವುದೋ ದೇಶದ ಯುದ್ಧ ಇಂಥ ತಿಂಗಳಲ್ಲಿ ಮುಗಿಯುವುದೆಂದು ನಮ್ಮ ಗ್ರಂಥಗಳಲ್ಲಿಯೇ ಬರೆದಿದೆಯೆಂದರು. ಬರಲಿರುವ ಸಿಂಹಸ್ಥದ ಮೊದಲ ಸ್ನಾನದ ದಿನವೇ ಸೂರ್ಯಗ್ರಹಣವಿದೆ, ಏನಾಗುವುದೋ ಎಂದು ಮತ್ತೊಬ್ಬರು ಹೆದರಿಸಿದರು. ಎಲ್ಲರ ಆಧಾರವೂ ಒಂದೇ: ಅಂಗೈಯಲ್ಲಿನ ಯಂತ್ರ. ಆಗ ಮನೆಯ ಯಜಮಾನರಾದ ತರುಣರು ಕೇಳಿದರು: “ಆಚಾರ್ಯರೇ, ಪ್ರತ್ಯಕ್ಷ, ಅನುಮಾನಗಳಂತೆ ಶಬ್ದವೂ ಪ್ರಮಾಣವೆಂದು ಈಗಷ್ಟೇ ಹೇಳಿದಿರಿ. ಮೊಬೈಲಿನಲ್ಲಿ ಬರುವುದೂ ಶಬ್ದವೇ. ಅದನ್ನೇಕೆ ನಂಬಬಾರದು?”

ಕುಳಿತವರು ನಕ್ಕರು. ನಮಗೆ ನಗು ಬರಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಅವರಿಗೆ ಎಲ್ಲರಿಗಿಂತ ಹೆಚ್ಚಾಗಿಯೇ ಇತ್ತು. ಕಾರಣವನ್ನು ಮುಂದೆ ನಿವೇದಿಸುವೆವು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಈ ಪುಟಗಳಲ್ಲಿ ಪೂರ್ಣಗೊಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದ್ದುದನ್ನು ಇದ್ದಂತೆಯೇ ತಿಳಿಸತಕ್ಕದ್ದು ಪ್ರಮಾಣ. ಇದು ಶ್ರೀಮಜ್ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ನಿರೂಪಿಸಿದ ಲಕ್ಷಣದ ತಾತ್ಪರ್ಯ. ದೋಷವಿಲ್ಲದ ಇಂದ್ರಿಯಕ್ಕೂ ದೋಷವಿಲ್ಲದ ವಸ್ತುವಿಗೂ ಆಗುವ ಸಂಬಂಧ ಪ್ರತ್ಯಕ್ಷ. ದೋಷವಿಲ್ಲದ ಯುಕ್ತಿ ಅನುಮಾನ. ದೋಷವಿಲ್ಲದ ಶಬ್ದ ಆಗಮ. ಮೂರರಲ್ಲಿಯೂ ‘ದೋಷವಿಲ್ಲದ’ ಎಂಬ ವಿಶೇಷಣವಿರುವುದನ್ನು ಗಮನಿಸಬೇಕು. ಕಣ್ಣಿಗೆ ಕಾಮಾಲೆಯಾದಾಗ ಶಂಖವು ಹಳದಿಯಾಗಿ ಕಾಣುತ್ತದೆ. ಅಷ್ಟರಿಂದ ಕಣ್ಣು ಪ್ರಮಾಣವಲ್ಲವೆಂದು ಯಾರೂ ಹೇಳುವುದಿಲ್ಲ, ಶಂಖವೇ ಹಳದಿಯೆಂದೂ ಹೇಳುವುದಿಲ್ಲ. ದೋಷವನ್ನು ಹುಡುಕಿ ಕಳೆಯುತ್ತಾರೆ. ಶಬ್ದದ ವಿಷಯದಲ್ಲಿಯೂ ಹೀಗೆಯೇ. ಕಿವಿಗೆ ಬಿದ್ದುದೆಲ್ಲವೂ ಆಗಮವಲ್ಲ.

ದೋಷಯುಕ್ತವಾದ ಶಬ್ದವು ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಘೋಟಿಯ ಮುಂದೆ ಹಾದುಹೋಗುವ ಇದೇ ಹಳಿಗಳು ಮನಮಾಡದ ಮೂಲಕ ಜಳಗಾವ್ ಜಿಲ್ಲೆಗೆ ಸಾಗುತ್ತವೆ. 2025ರ ಜನವರಿ 22ರಂದು ಆ ಜಿಲ್ಲೆಯ ಪಾಚೋರಾದ ಸಮೀಪ, ಲಖನೌದಿಂದ ಮುಂಬಯಿಗೆ ಬರುತ್ತಿದ್ದ ಪುಷ್ಪಕ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಕಿ ಬಿದ್ದಿದೆ ಎಂಬ ಕೂಗು ಎದ್ದಿತು. ಸರಪಳಿ ಎಳೆಯಲ್ಪಟ್ಟು ಗಾಡಿ ನಿಂತಿತು. ಜನರು ಪ್ರಾಣ ಉಳಿಸಿಕೊಳ್ಳಲೆಂದೇ ಕೆಳಗೆ ಧುಮುಕಿ ಪಕ್ಕದ ಹಳಿಯ ಮೇಲೆ ನಿಂತರು. ಆ ಹಳಿಯಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹೋಗುವ, ನಮ್ಮ ನಾಡಿನ ಹೆಸರನ್ನೇ ಹೊತ್ತ ಕರ್ನಾಟಕ ಎಕ್ಸ್‌ಪ್ರೆಸ್ ಬಂದಿತು. ಹನ್ನೆರಡಕ್ಕೆ ಕಡಿಮೆಯಿಲ್ಲದಷ್ಟು ಜನರು ಮೃತರಾದರು. ಗಾಡಿಗೆ ಬೆಂಕಿ ಬಿದ್ದಿರಲಿಲ್ಲ. ಕೂಗಿದವನಿಗೆ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಸಹಪ್ರಯಾಣಿಕರ ಹಿತವನ್ನೇ ಬಯಸಿ ಕೂಗಿರಬಹುದು. ಆದರೂ ಅದು ಆಪ್ತವಾಕ್ಯವಾಗಿರಲಿಲ್ಲ. ಹಿತವನ್ನು ಬಯಸಿದ ಮಾತ್ರಕ್ಕೆ ವಾಕ್ಯವು ಪ್ರಮಾಣವಾಗುವುದಿಲ್ಲ ಎಂಬುದನ್ನು ಇಲ್ಲಿ ಮನಗಾಣಬೇಕು.

ಹಾಗಾದರೆ ಆಪ್ತವಾಕ್ಯ ಯಾವುದು? ಶ್ರೀಮದಾಚಾರ್ಯರು ‘ಅನುವ್ಯಾಖ್ಯಾನ’ದ ಆರಂಭದಲ್ಲಿಯೇ ಇದನ್ನು ನಿರ್ಣಯಿಸಿದ್ದಾರೆ. ಬ್ರಹ್ಮಸೂತ್ರಗಳು ಏಕೆ ಪ್ರಮಾಣವೆಂಬುದಕ್ಕೆ ಅವರು ಕೊಡುವ ಕಾರಣಗಳು ಮೂರು: ಅವು ಆಪ್ತವಾಕ್ಯಗಳು, ಶ್ರುತಿಮೂಲವಾದವುಗಳು, ಯುಕ್ತಿಮೂಲವಾದವುಗಳು. ಆಪ್ತಿಯೆಂದರೆ ಅನುಕೂಲತೆ. ಅದು ಮೂರು ಕಡೆ ಇರಬೇಕು: ವಕ್ತೃವಿನಲ್ಲಿ, ಶ್ರೋತೃವಿನಲ್ಲಿ, ಪ್ರಸಕ್ತಿಯಲ್ಲಿ. ಹೇಳುವವನು ಆ ವಿಷಯವನ್ನು ತಿಳಿದವನಾಗಿರಬೇಕು, ವಂಚನೆಯಿಲ್ಲದವನಾಗಿರಬೇಕು. ಕೇಳುವವನು ಆ ಉಪದೇಶಕ್ಕೆ ಯೋಗ್ಯನಾದವನಾಗಿರಬೇಕು. ಸಂದರ್ಭವು ಆ ಮಾತಿಗೆ ತಕ್ಕುದಾಗಿರಬೇಕು. ಸಾಕ್ಷಾತ್ ವೇದವ್ಯಾಸರ ವಾಕ್ಯಕ್ಕೇ ಆಚಾರ್ಯರು ಇಷ್ಟು ಪರೀಕ್ಷೆಯನ್ನು ಹೇಳಿರುವಾಗ, ಯಾರು ಬರೆದರೆಂದೇ ತಿಳಿಯದ ಸಂದೇಶಕ್ಕೆ ನಾವು ಯಾವ ಪರೀಕ್ಷೆಯನ್ನೂ ಮಾಡದಿರುವುದು ಎಂಥ ವಿಪರ್ಯಾಸ!

ರೈಲ್ವೆಯಲ್ಲಿ ಬಹುಕಾಲ ದುಡಿದ ನಮಗೆ ಈ ತ್ರಿವಿಧ ಆಪ್ತಿಯು ಲೈನ್ ಕ್ಲಿಯರಿನ ಉದಾಹರಣೆಯಿಂದ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಮುಂದಿನ ನಿಲ್ದಾಣದವರೆಗೆ ದಾರಿ ತೆರವಾಗಿದೆಯೆಂದು ತಿಳಿಯದೆ ಸ್ಟೇಷನ್ ಮಾಸ್ತರರು ಗಾಡಿಯನ್ನು ಬಿಡುವುದಿಲ್ಲ. ಮಾತಿನ ಮೂಲಕವೇ ಅನುಮತಿ ಪಡೆಯಬೇಕಾಗಿ ಬಂದಾಗ ಪ್ರೈವೇಟ್ ನಂಬರ್ ಎಂಬ ಗುಪ್ತಸಂಖ್ಯೆಯ ವಿನಿಮಯವಾಗುತ್ತದೆ. ಆ ಸಂಖ್ಯೆಗಳ ಹಾಳೆ ಅಧಿಕಾರವುಳ್ಳವರ ಬಳಿ ಮಾತ್ರ ಇರುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಹೊಡೆದುಹಾಕಿ, ಯಾವ ಗಾಡಿಗಾಗಿ, ಎಷ್ಟು ಗಂಟೆಗೆ ಕೊಟ್ಟದ್ದೆಂದು ಪುಸ್ತಕದಲ್ಲಿ ಬರೆಯುತ್ತಾರೆ. ಹೇಳಿದವನು ಅಧಿಕಾರವುಳ್ಳವನು, ಕೇಳಿದವನು ಅದನ್ನು ಪಡೆಯತಕ್ಕವನು, ಮಾತು ಈ ಗಾಡಿಗೆ ಸಂಬಂಧಿಸಿದ್ದು, ಮೂರೂ ಸ್ಥಿರಪಟ್ಟವು. “ದಾರಿ ಖಾಲಿಯಿದೆಯಂತೆ, ಎಲ್ಲರೂ ಹೇಳುತ್ತಿದ್ದಾರೆ” ಎಂಬ ಮಾತಿನ ಮೇಲೆ ಯಾರೂ ಗಾಡಿ ಬಿಡುವುದಿಲ್ಲ. ಕಸಾರಾದಿಂದ ಇಗತ್‌ಪುರಿಗೆ ಏರುವ ಥಳ್ ಘಾಟಿನ ಮಾರ್ಗ 1865ರಲ್ಲಿ ತೆರೆಯಿತು. ಮೂವತ್ತೇಳು ಅಡಿ ಸಾಗಿದರೆ ಒಂದಡಿ ಏರುವ ಕಡಿದಾದ ದಾರಿ ಅದು. ಅಂಥಲ್ಲಿ ನಿತ್ಯವೂ ಸಾವಿರಾರು ಜೀವಗಳು ಕ್ಷೇಮವಾಗಿ ಹತ್ತಿ ಇಳಿಯುವುದು ಮಾತನ್ನು ಪರೀಕ್ಷಿಸಿ ನಂಬುವ ಈ ಶಿಸ್ತಿನಿಂದಲೂ ಹೌದು.

ಇಷ್ಟನ್ನು ಬಲ್ಲ ನಾವೇ ತಪ್ಪಿದೆವು. ಅದನ್ನು ಹೇಳಿಕೊಳ್ಳದೆ ಈ ಉಪನ್ಯಾಸವನ್ನು ಮುಂದುವರಿಸುವುದು ನ್ಯಾಯವಲ್ಲ.

ಕಳೆದ ಆಷಾಢದ ದಶಮಿಯ ಬೆಳಗ್ಗೆ ನಮಗೊಂದು ಸಂದೇಶ ಬಂದಿತು. ಜಪಾನಿನ ವಿಜ್ಞಾನಿಯೊಬ್ಬರು ಏಕಾದಶಿಯ ಉಪವಾಸದ ಮಹಿಮೆಯನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದರೆಂದೂ, ಏಕಾದಶಿಯನ್ನು ನಿರ್ಜಲವಾಗಿ ಮಾಡುವವರಿಗೆ ಮಧುಮೇಹವು ತಾನಾಗಿಯೇ ಗುಣವಾಗುವುದೆಂದೂ, ಆ ದಿನ ಔಷಧಿಯೇ ಬೇಡವೆಂದೂ ಅದರಲ್ಲಿತ್ತು. ನಾವು ಮೊದಲ ಎರಡು ಸಾಲುಗಳನ್ನಷ್ಟೇ ಓದಿದೆವು. ನಮ್ಮ ವ್ರತಕ್ಕೆ ಪರದೇಶದ ಮನ್ನಣೆ ಬಂದಿತೆಂಬ ಹಿಗ್ಗಿನಲ್ಲಿ ಕೈಯೊತ್ತಿ ಪರಿಚಯದ ಮನೆಗಳಿಗೆಲ್ಲ ಕಳುಹಿಸಿದೆವು. ಘೋಟಿಯ ಆ ತರುಣರ ತಾಯಿಯವರಿಗೂ ಅದು ಹೋಯಿತು. ಅವರಿಗೆ ಎಪ್ಪತ್ತೊಂದು ವರ್ಷ. ಅನೇಕ ವರ್ಷಗಳಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿರುವವರು. ದಶಮಿಯಿಂದಲೇ ಸೂಜಿಯನ್ನು ನಿಲ್ಲಿಸಿದರು. ಏಕಾದಶಿಯಂದು ನೀರನ್ನೂ ಮುಟ್ಟಲಿಲ್ಲ. ಸೊಸೆ ಸೂಜಿಯನ್ನು ನೆನಪಿಸಿದಾಗ ಆಕೆ ಹೇಳಿದ ಮಾತು ನಮಗೆ ಆಮೇಲೆ ತಿಳಿಯಿತು: “ಆಚಾರ್ಯರೇ ಕಳಿಸ್ಯಾರವ್ವಾ, ಸುಳ್ಳು ಹೆಂಗಾದೀತು?”

ದ್ವಾದಶಿಯ ನಸುಕಿನಲ್ಲಿ ವಾಂತಿ, ಏದುಸಿರು, ಮಾತಿನಲ್ಲಿ ತೊದಲು. ಸುರಿಯುವ ಮಳೆಯಲ್ಲಿ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ ಸಾಗಿ ನಾಶಿಕದ ಆಸ್ಪತ್ರೆಯನ್ನು ಸೇರಿಸಿದರು. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಸಕ್ಕರೆಯೂ ಆಮ್ಲವೂ ಏರಿ, ನೀರಿನ ಅಂಶ ಬತ್ತಿಹೋಗಿತ್ತು. ಉಪವಾಸಕ್ಕಿಂತಲೂ ಸೂಜಿ ಬಿಟ್ಟದ್ದೇ ಮುಳುವಾಯಿತೆಂದು ವೈದ್ಯರು ಹೇಳಿದರು. ಐದು ದಿನಗಳ ಮೇಲೆ ಶ್ರೀಹರಿಯ ಕೃಪೆಯಿಂದ ಮನೆಗೆ ಮರಳಿದರು. ನಮ್ಮನ್ನು ಆ ಮನೆಯಲ್ಲಿ ಯಾರೂ ಒಂದು ಮಾತನ್ನೂ ಅನ್ನಲಿಲ್ಲ. ಆ ಮೌನವೇ ನಮಗೆ ಶಿಕ್ಷೆಯಾಯಿತು.

ಸತ್ಯಾಂಶವೇನು? ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂದದ್ದು ನಿಜ. ಅವರು ಪರೀಕ್ಷಿಸಿದ್ದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೋಶಗಳನ್ನು. ಪೋಷಕಾಂಶ ಸಿಗದಾಗ ಕೋಶವು ತನ್ನದೇ ಭಾಗಗಳನ್ನು ಒಡೆದು ಮರುಬಳಕೆ ಮಾಡಿಕೊಳ್ಳುವ ಕ್ರಮವನ್ನೂ ಅದಕ್ಕೆ ಕಾರಣವಾದ ಜೀನುಗಳನ್ನೂ ಅವರು ಕಂಡುಕೊಂಡರು. ಅದಕ್ಕೆ ಆಟೊಫೇಜಿ ಎಂದು ಹೆಸರು. ಪಾರಿತೋಷಕ ಬಂದದ್ದು ಏಕಾದಶಿಗಲ್ಲ, ಮನುಷ್ಯರ ಉಪವಾಸದ ಚಿಕಿತ್ಸೆಗೂ ಅಲ್ಲ. ಮೂರು ಆಪ್ತಿಗಳನ್ನು ಇಲ್ಲಿ ಅನ್ವಯಿಸಿ ನೋಡಿರಿ. ವಕ್ತೃ ಯಾರೆಂದು ತಿಳಿಯದು. ಶ್ರೋತೃ ರೋಗಪೀಡಿತೆಯಾದ ವೃದ್ಧೆ. ಆ ಮಾತು ಅವರಿಗೆ ಸಲ್ಲತಕ್ಕದ್ದೇ ಅಲ್ಲ. ಪ್ರಸಕ್ತಿ ಕೋಶವಿಜ್ಞಾನದ್ದು, ಚಿಕಿತ್ಸೆಯದಲ್ಲ. ಮೂರೂ ಇಲ್ಲದ ವಾಕ್ಯಕ್ಕೆ ನಮ್ಮ ಹೆಸರಿನಿಂದ ಆಪ್ತತ್ವ ಬಂದಿತು. ನಾವು ಪ್ರೈವೇಟ್ ನಂಬರ್ ಇಲ್ಲದೆಯೇ ಗಾಡಿ ಬಿಟ್ಟೆವು.

ಇದಕ್ಕಿಂತಲೂ ಆಳವಾದ ಮತ್ತೊಂದು ದೋಷವಿದೆ. ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ವಿಸ್ತಾರವಾಗಿ ಸಾರಿದ್ದಾರೆ. ಅದರ ಫಲ ಶ್ರೀಹರಿಯ ಪ್ರೀತಿ. ದೇಹದ ತೂಕ ಇಳಿಯಲಿ, ಸಕ್ಕರೆ ಕರಗಲಿ ಎಂದು ಮಾಡುವುದು ಪಥ್ಯವಾದೀತು, ವ್ರತವಾಗದು. ವೇದಪುರಾಣಗಳಿಂದ ಸಿದ್ಧವಾದ ಧರ್ಮಕ್ಕೆ ಯೀಸ್ಟಿನ ಕೋಶದಿಂದ ಯೋಗ್ಯತಾಪತ್ರ ತರಲು ಹೊರಡುವವನಿಗೆ ಆಗಮದಲ್ಲಿಯೂ ಪೂರ್ಣ ವಿಶ್ವಾಸವಿಲ್ಲ, ವಿಜ್ಞಾನದಲ್ಲಿಯೂ ಪೂರ್ಣ ವಿಶ್ವಾಸವಿಲ್ಲ. ನಾಳೆ ಆ ವಿಜ್ಞಾನದ ನಿರ್ಣಯ ಬದಲಾದರೆ ಅವನು ಏಕಾದಶಿಯನ್ನು ಬಿಡುವನೇನು?

ಪ್ರಮಾಣಗಳಿಗೆ ಅವುಗಳದೇ ಆದ ಕ್ಷೇತ್ರಗಳಿವೆ. ಧರ್ಮಾಧರ್ಮಗಳೂ ಭಗವಂತನ ಸ್ವರೂಪವೂ ಆಗಮದಿಂದಲೇ ತಿಳಿಯತಕ್ಕವು. ಸೂಕ್ಷ್ಮದರ್ಶಕದಲ್ಲಿ ಅವು ಕಾಣಲಿಲ್ಲವೆಂಬುದು ಬಾಧಕವಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂಬುದು ಪ್ರತ್ಯಕ್ಷದ ಕ್ಷೇತ್ರ. ಯಾವ ವಿಷಯದಲ್ಲಿ ಶಬ್ದವು ಪ್ರತ್ಯಕ್ಷವನ್ನೇ ಆಶ್ರಯಿಸಿ ನಿಲ್ಲುವುದೋ, ಆ ವಿಷಯದಲ್ಲಿ ಅದು ಆ ಪ್ರತ್ಯಕ್ಷವನ್ನು ಬಾಧಿಸಲಾರದು. ಇದೇ ನಮ್ಮ ಸಿದ್ಧಾಂತದ ಉಪಜೀವ್ಯನ್ಯಾಯ. ಜಗತ್ತು ಸತ್ಯವೆಂದು ಎದೆತಟ್ಟಿ ಸಾರಿದ ಆಚಾರ್ಯರ ಶಿಷ್ಯರಾದ ನಾವು, ಕಣ್ಣೆದುರಿನ ವೈದ್ಯಪರೀಕ್ಷೆಯನ್ನು ಮಿಥ್ಯೆಯೆಂದು ತಳ್ಳಿಹಾಕುವುದು ಹೇಗೆ ಶೋಭಿಸೀತು?

ಶಾಸ್ತ್ರವಾದರೂ ನಿರ್ದಯವಾಗಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು ಮುಂತಾಗಿ ವ್ರತವನ್ನು ಕೆಡಿಸದವುಗಳನ್ನು ಎಣಿಸುವಾಗ ಔಷಧವನ್ನೂ ಗುರುವಿನ ವಚನವನ್ನೂ ಸೇರಿಸಿದೆ. ಎಂಟು ವರ್ಷ ತುಂಬದ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ನಿರ್ಬಂಧವನ್ನು ಸಡಿಲಿಸಿದೆ; ಅಶಕ್ತರಿಗೆ ಅನುಕಲ್ಪಗಳನ್ನು ಹೇಳಿದೆ. ಆದುದರಿಂದ ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆಯುಳ್ಳವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಬೇಕು. ಔಷಧವನ್ನು ತಾವಾಗಿ ನಿಲ್ಲಿಸಬಾರದು. ಊಟವಿಲ್ಲದೆ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರೂ ಸಕ್ಕರೆ ಅಪಾಯಕರವಾಗಿ ಇಳಿದೀತು. ಪ್ರಮಾಣವನ್ನು ಎಷ್ಟು ಬದಲಿಸಬೇಕೆಂದು ಹೇಳಬಲ್ಲ ಆಪ್ತನು ವೈದ್ಯನು. ಅಂಥವರಿಗೆ ಯಾವ ಅನುಕಲ್ಪ ಸಲ್ಲುವುದೆಂದು ಹೇಳಬಲ್ಲ ಆಪ್ತನು ಗುರುವು. ಇಬ್ಬರನ್ನೂ ಕೇಳಿ ನಡೆದರೆ ವ್ರತಕ್ಕೂ ಲೋಪವಿಲ್ಲ, ದೇಹಕ್ಕೂ ಕೇಡಿಲ್ಲ.

ವಿಜ್ಞಾನವು ಹೇಳಿದ್ದೆಲ್ಲವೂ ವೇದವೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ಅದೂ ದೋಷಪರೀಕ್ಷೆಗೆ ಒಳಪಟ್ಟದ್ದೇ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಡಾ. ಹಾಫ್‌ಕಿನ್ ಎಂಬವರು ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಗ್ರಾಮದಲ್ಲಿ ಆ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಲಸಿಕೆಯೇ ವಿಷವೆಂಬ ಕೂಗೆದ್ದಿತು. ಹಾಫ್‌ಕಿನ್ನರು ಕೆಲಸವನ್ನೂ ಕಳೆದುಕೊಂಡರು. ವಿಚಾರಿಸಲಾಗಿ ಆ 19 ಮಂದಿಗೂ ಒಂದೇ ಸೀಸೆಯಿಂದ ಕೊಡಲಾಗಿತ್ತು. ಅದೇ ದಿನ ಬೇರೆ ಸೀಸೆಗಳಿಂದ ಪಡೆದವರಿಗೆ ಆ ರೋಗ ಬಂದಿರಲಿಲ್ಲ. ಇದೇ ಅನ್ವಯವ್ಯತಿರೇಕ. ದೋಷವು ಆ ಸೀಸೆಗೆ ಸೇರಿದ್ದು, ಲಸಿಕೆಗಲ್ಲ ಎಂದು ಸಿದ್ಧವಾಗಿ, 1907ರ ವೇಳೆಗೆ ಅವರ ಮೇಲಿನ ಕಳಂಕ ತೊಳೆಯಿತು. ಅವರು ಸ್ಥಾಪಿಸಿದ ಪ್ರಯೋಗಶಾಲೆಗೆ 1925ರಲ್ಲಿ ಅವರದೇ ಹೆಸರಿಟ್ಟರು. ಮುಂಬಯಿಯ ಪರೇಲಿನಲ್ಲಿ ಅದು ಇಂದಿಗೂ ಇದೆ. ಕೂಗು ಏಳಲು ಒಂದು ದಿನ ಸಾಕಾಯಿತು; ಸತ್ಯ ಸಿದ್ಧವಾಗಲು ಐದು ವರ್ಷ ಬೇಕಾಯಿತು. ಲಸಿಕೆಯ ಬಗೆಗೆ ಮಾತನಾಡುವಾಗ ಈ ತಾಳ್ಮೆ ನಮ್ಮಲ್ಲಿರಲಿ. ಸಂಶಯವಿದ್ದರೆ ಕೇಳುವುದು ತಪ್ಪಲ್ಲ, ಕೇಳಬೇಕಾದವರನ್ನು ಕೇಳಬೇಕು.

ಲೋಕವಾರ್ತೆಯ ವಿಷಯವೂ ಇದೇ. 2025ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೂ ಪಾಕಿಸ್ತಾನಕ್ಕೂ ಸಂಘರ್ಷ ನಡೆದ ದಿನಗಳಲ್ಲಿ ಹಳೆಯ ಯುದ್ಧಗಳ ಚಿತ್ರಗಳೂ, ಮಕ್ಕಳು ಆಡುವ ವಿಡಿಯೋ ಆಟದ ದೃಶ್ಯಗಳೂ ಅಂದಿನ ಕಾಳಗವೆಂದು ಹರಡಿದವು. ದೇವಳಾಲಿಯಂಥ ಸೇನಾಠಾಣ್ಯದ ನೆರೆಯಲ್ಲಿರುವ ನಾವು ನೆನಪಿಡಬೇಕು: ಗಡಿಯಲ್ಲಿರುವ ಯೋಧನ ತಾಯಿಯೂ ಅದನ್ನು ನೋಡುತ್ತಾಳೆ. ಶ್ರೀಮದಾಚಾರ್ಯರು ‘ಕಥಾಲಕ್ಷಣ’ದಲ್ಲಿ ವಾದ, ಜಲ್ಪ, ವಿತಂಡಗಳನ್ನು ವಿಭಾಗಿಸಿ, ರಾಗದ್ವೇಷವಿಲ್ಲದವರೇ ಪ್ರಾಶ್ನಿಕರಾಗಿರಬೇಕೆಂದು ವಿಧಿಸಿದ್ದಾರೆ. ತತ್ತ್ವವನ್ನು ತಿಳಿಯಲು ಆಡುವ ಮಾತು ವಾದ. ಗೆಲುವಿಗಾಗಿ, ಹೆಸರಿಗಾಗಿ ಆಡುವ ಮಾತು ಬೇರೆ. ಇದೇ ಗೋದಾವರಿಯ ಸೀಮೆಯಲ್ಲಿ ಮಹಾಪಂಡಿತರಾದ ಶೋಭನಭಟ್ಟರು ಆಚಾರ್ಯರ ಮಾತನ್ನು ಕೇಳಿ, ಯುಕ್ತಿಗಳನ್ನು ತೂಗಿ, ಸತ್ಯವೆಂದು ಕಂಡ ಮೇಲೆ ತಮ್ಮ ಹಿಂದಿನ ಪಕ್ಷವನ್ನು ಬಿಟ್ಟು ಶ್ರೀಪದ್ಮನಾಭತೀರ್ಥರಾದರು. ಸೋಲನ್ನು ಒಪ್ಪಿದವರು ಪೀಠವನ್ನೇರಿದರು. ನಮ್ಮ ಗುಂಪುಗಳಲ್ಲಿ “ನಾನು ಕಳುಹಿಸಿದ್ದು ತಪ್ಪು” ಎಂದು ಬರೆದವರನ್ನು ಎಷ್ಟು ಸಲ ಕಂಡಿದ್ದೇವೆ?

ಇನ್ನು ಗ್ರಹಣದ ಭಯ. ನಾಶಿಕ ತ್ರ್ಯಂಬಕೇಶ್ವರಗಳ ಸಿಂಹಸ್ಥದ ಮೊದಲ ಅಮೃತಸ್ನಾನಕ್ಕೆ 2027ರ ಆಗಸ್ಟ್ 2, ಸೋಮವಾರ, ಅಮಾವಾಸ್ಯೆ ಎಂದು ಘೋಷಣೆಯಾಗಿದೆ. ಅಂದು ಸೂರ್ಯಗ್ರಹಣವೂ ಉಂಟು. ಈಜಿಪ್ಟ್ ಮೊದಲಾದ ದೇಶಗಳಲ್ಲಿ ಪೂರ್ಣಗ್ರಹಣ; ಭಾರತದ ಬಹುಭಾಗಗಳಲ್ಲಿ ಖಂಡಗ್ರಾಸ. ಇದನ್ನು ವರ್ಷಗಳ ಮೊದಲೇ ಹೇಳಲು ಸಾಧ್ಯವಾದದ್ದು ಗಣಿತದಿಂದ. ಗುರುವು ಸಿಂಹರಾಶಿಗೆ ಬರುವನೆಂದು ತಿಳಿಸುವುದೂ ಗಣಿತವೇ. ಗ್ರಹಣಕಾಲದಲ್ಲಿ ಸ್ನಾನ, ಜಪ, ದಾನಗಳನ್ನು ವಿಧಿಸಿದ್ದು ಆಗಮ. ಎರಡಕ್ಕೂ ವಿರೋಧವೆಲ್ಲಿ? ಭಯವನ್ನು ಮಾತ್ರ ಆಗಮವೂ ಹೇಳಲಿಲ್ಲ, ಗಣಿತವೂ ಹೇಳಲಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು. ಮಕ್ಕಳು, ವೃದ್ಧರು, ರೋಗಿಗಳಿಗೆ ಆಹಾರದ ನಿಯಮದಲ್ಲಿ ಶಾಸ್ತ್ರವೇ ಕೊಟ್ಟ ವಿನಾಯಿತಿಯನ್ನು ಕಸಿಯಬಾರದು. ಜನಸಂದಣಿಯಲ್ಲಿ ಯಾರಾದರೂ ಕೂಗಿದರೆಂದು ಓಡಬಾರದು. 2003ರ ಆಗಸ್ಟ್ 27ರಂದು ನಾಶಿಕದ ಸಿಂಹಸ್ಥದಲ್ಲಿಯೇ ಕಾಲ್ತುಳಿತಕ್ಕೆ ಸಿಕ್ಕಿ 39 ಮಂದಿ ಪ್ರಾಣ ಬಿಟ್ಟದ್ದನ್ನು ಮರೆಯದಿರೋಣ.

ಒಟ್ಟಿನಲ್ಲಿ, ಒಂದು ಮಾತನ್ನು ಮುಂದಕ್ಕೆ ಕಳುಹಿಸುವ ಮೊದಲು ಮೂರನ್ನು ಕೇಳಿಕೊಳ್ಳೋಣ. ಹೇಳಿದವರು ಯಾರು, ಅವರಿಗೆ ಆ ವಿಷಯ ಗೊತ್ತೇ? ನಾನು ಯಾರಿಗೆ ಕಳುಹಿಸುತ್ತಿದ್ದೇನೆ, ಅವರು ಇದನ್ನು ನಂಬಿ ಏನು ಮಾಡಿಯಾರು? ಇದನ್ನು ಹೇಳಲು ಇದು ತಕ್ಕ ಸಂದರ್ಭವೇ? ಮೂರಕ್ಕೂ ಉತ್ತರ ಸಿಗದಿದ್ದರೆ ಸಿಗ್ನಲ್ ಕೆಂಪಾಗಿಯೇ ಇರಲಿ. ತಪ್ಪಿ ಕಳುಹಿಸಿದ್ದರೆ, ಯಾರಿಗೆ ಕಳುಹಿಸಿದೆವೋ ಅವರಿಗೆಲ್ಲ ಅದು ತಪ್ಪೆಂದು ತಿಳಿಸುವುದು ಪ್ರಾಯಶ್ಚಿತ್ತದ ಮೊದಲ ಹೆಜ್ಜೆ. ಹಿರಿಯರೆಂದು, ಓದಿದವರೆಂದು ನಾಲ್ಕು ಜನ ಗೌರವಿಸುವವರ ಹೊಣೆಯಂತೂ ಇಮ್ಮಡಿ. ನಮ್ಮ ಮಾತನ್ನು ಜನ ಪರೀಕ್ಷಿಸುವುದಿಲ್ಲ. ಆದಕಾರಣ ನಾವೇ ಪರೀಕ್ಷಿಸಬೇಕು.

ಕಳೆದ ತಿಂಗಳು ಘೋಟಿಯಲ್ಲಿ ಆ ತಾಯಿಯವರ ಎದುರಿನಲ್ಲಿ, ಎಲ್ಲರೂ ಕೇಳುವಂತೆ, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವರು ಸೆರಗಿನಿಂದ ಕಣ್ಣೊರಸಿಕೊಂಡು, “ಅದೆಲ್ಲಾ ಬಿಡ್ರಿ ಆಚಾರ್ಯರೇ. ಈಗ ಡಾಕ್ಟರನ್ನೂ ಕೇಳೀನಿ, ಗುರುಗಳನ್ನೂ ಕೇಳೀನಿ. ಏಕಾದಶಿಗೆ ಹಾಲು ಹಣ್ಣು ತಗೋತೀನಿ, ಸೂಜಿ ಬಿಡಂಗಿಲ್ಲ. ಕೃಷ್ಣ ಒಪ್ಪತಾನಲ್ಲಾ?” ಎಂದರು.

ಒಪ್ಪದೆ ಇರುವನೇ? ಆತನು ಭಕ್ತಿಯನ್ನು ನೋಡುವವನು. ಈ ದೇಹವು ಸಾಧನೆಗಾಗಿ ಆತನೇ ಕೊಟ್ಟದ್ದು. ಬುದ್ಧಿಯೂ ಆತನದೇ ಕೊಡುಗೆ. ಎರಡನ್ನೂ ಜೋಪಾನವಾಗಿ ಆತನ ಸೇವೆಗೇ ತೊಡಗಿಸುವ ವಿವೇಕವನ್ನು ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥